ಹಲಸೂರಿನ ಕೊಟ್ಟಿಗೆಯ ಕಾರು

ಮದುವೆಯಾಗಿ ನಾನು ಹಲಸೂರಿನ ಮನೆಗೆ ಬಂದಾಗ ಹಿತ್ತಲಿನ ಕೊಟ್ಟಿಗೆಯಲ್ಲಿ ಹಸು ಇರಲಿಲ್ಲ, ಕಾರಿತ್ತು. ಹಸುವನ್ನು ಸೀಬೆ ಮರದ ಕೆಳಗೆ ಕಟ್ಟಿದ್ದರು. ಮನೆಯನ್ನೆಲ್ಲ ತೋರಿಸಿಕೊಂಡು ಹಿತ್ತಲಿಗೆ ಬಂದ ಅತ್ತೆ, "ನೋಡಮ್ಮ, ಇದು ಹುಲ್ಲೂ ತಿನ್ನಲ್ಲ, ಹಾಲೂ ಕೊಡಲ್ಲ. ಇದನ್ನ ಸೂರಿನ ಕೆಳಗಿಟ್ಟು ಅದನ್ನ ಬಯಲಲ್ಲಿ ಕಟ್ಟಿದಾನೆ ನಿನ್ನ ಗಂಡ. ನೀನಾದ್ರೂ ಬುದ್ಧಿ ಹೇಳು" ಎಂದರು. ನನಗಾಗ ಹದಿನೆಂಟು ವರ್ಷ. ಗಂಡನಿಗೆ ಬುದ್ಧಿ ಹೇಳುವುದಿರಲಿ, ಅವರ ಮುಖವನ್ನೇ ನಾನಿನ್ನೂ ನೆಟ್ಟಗೆ ನೋಡಿರಲಿಲ್ಲ.

ನಮ್ಮವರು ದಂಡು ಪ್ರದೇಶದ ತಂತಿ ಆಫೀಸಿನಲ್ಲಿ ಗುಮಾಸ್ತರು. ಇಡೀ ದಿನ ಯಂತ್ರದ ಕಟ್ಟು ಕಟ್ಟು ಸದ್ದನ್ನು ಕೇಳಿ ಅಕ್ಷರ ಮಾಡಿ ಬರೆದುಕೊಳ್ಳುವ ಕೆಲಸ. ಮನೆಯಲ್ಲೂ ಅವರ ಕಿವಿ ಸುಮ್ಮನಿರುತ್ತಿರಲಿಲ್ಲ. ಬೀದಿಯಲ್ಲಿ ಸೈಕಲ್ ಹೋದರೆ ಒಳಗೆ ಕೂತೇ, "ಚೈನಿಗೆ ಎಣ್ಣೆ ಕಾಣಿಸಿಲ್ಲ, ಪಾಪ" ಎನ್ನುತ್ತಿದ್ದರು. ಕಾರನ್ನು ಅವರಿಗೆ ಕೊಟ್ಟವರು ಕಾಕ್ಸ್ ಟೌನಿನ ಒಬ್ಬ ಮುದುಕರು, ರೈಲು ಓಡಿಸಿ ನಿವೃತ್ತರಾದವರು. ನಾಲ್ಕು ಜನ ಒತ್ತಿಕೊಂಡು ಕೂರಬಹುದಾದ, ಆಗಲೇ ಹಳೆಯದಾಗಿದ್ದ ಬಿಲಾತಿ ಗಾಡಿ. ಬಟ್ಟೆಯ ಮೇಲುಹೊದಿಕೆ, ಕಡ್ಡಿಗಳ ಚಕ್ರ. ಮುಂದೆ ಬಗ್ಗಿ ಹ್ಯಾಂಡಲ್ ತಿರುಗಿಸಿದರೆ ಮಾತ್ರ ಏಳುವುದು. ಯುದ್ಧದ ಕಾಲ, ಪೆಟ್ರೋಲಿಗೆ ಕೂಪನ್ನು. ಓಡಿಸುವುದೇ ಅಪರೂಪ. ಆದರೂ ಭಾನುವಾರ ಬಂತೆಂದರೆ ನಮ್ಮವರು ಹಳೇ ಪಂಚೆಯುಟ್ಟು ಕೊಟ್ಟಿಗೆ ಸೇರುತ್ತಿದ್ದರು. ಬಿಚ್ಚುವುದು, ಒರೆಸುವುದು, ಮತ್ತೆ ಜೋಡಿಸುವುದು. ಕಾಫಿ ಕೊಡಲು ಹೋದವಳು ಹಾಗೇ ನಿಂತುಬಿಡುತ್ತಿದ್ದೆ. ಒಂದೊಂದನ್ನೂ ಎತ್ತಿ ತೋರಿಸಿ, ಇದು ಪ್ಲಗ್ಗು, ಇಲ್ಲಿ ಕಿಡಿ ಹಾರುತ್ತೆ, ಇದು ಕಾರ್ಬೊರೇಟರ್, ಇಲ್ಲಿ ಗಾಳಿಗೂ ಪೆಟ್ರೋಲಿಗೂ ಮದುವೆ ಎಂದು ಹೇಳಿಕೊಡುತ್ತಿದ್ದರು. ನಮ್ಮಿಬ್ಬರ ಸಂಕೋಚ ಕಳೆದದ್ದು ಆ ಗ್ರೀಸ್ ವಾಸನೆಯ ನಡುವೆಯೇ.

ಮದುವೆಯಾದ ಎರಡನೇ ವರ್ಷ ಅವರಿಗೆ ಜ್ವರ ಬಂತು. ಕುತ್ತಿಗೆ ಸೆಟೆದುಕೊಂಡು, ತಲೆಗೇರಿ, ಹದಿನೇಳು ದಿನ ಆಸ್ಪತ್ರೆಯಲ್ಲಿದ್ದರು. ಜೀವ ಉಳಿಯಿತು. ಮನೆಗೆ ಕರೆತಂದ ದಿನ ಹಸು ಒಂದೇ ಸಮನೆ ಕೂಗುತ್ತಿತ್ತು. ಅವರು ನನ್ನನ್ನು ಕೇಳಿದರು: "ಯಾಕೆ ಎಲ್ಲಾ ಇಷ್ಟು ಸುಮ್ಮನಿದ್ದೀರಿ?"

ಎರಡು ಕಿವಿಯೂ ಹೋಗಿತ್ತು. ಡಾಕ್ಟರು ನೋಡಿ, ಇದು ಮರಳಿ ಬರುವುದಲ್ಲ ಎಂದರು.

ಆಫೀಸಿನವರು ಕೈಬಿಡಲಿಲ್ಲ. ಬಂದ ತಂತಿ ಕಾಗದಗಳನ್ನು ವಿಂಗಡಿಸಿ ಲಕೋಟೆಗೆ ಹಾಕುವ ಕೋಣೆಗೆ ಬದಲಾಯಿಸಿದರು. ಅವರು ಹೋಗುತ್ತಿದ್ದರು, ಬರುತ್ತಿದ್ದರು. ನಾನು ಸ್ಲೇಟಿನ ಮೇಲೆ ಬರೆದು ತೋರಿಸಿದರೆ ಓದಿ ತಲೆಯಾಡಿಸುತ್ತಿದ್ದರು. ತಮ್ಮ ದನಿ ತಮಗೇ ಕೇಳದಿದ್ದರಿಂದ ಜೋರಾಗುತ್ತದೋ ಮೆಲ್ಲಗಾಗುತ್ತದೋ ಎಂಬ ಅಂಜಿಕೆಗೆ ಮಾತೇ ಬಿಟ್ಟರು. ಭಾನುವಾರ ಬಂದರೂ ಹಿತ್ತಲ ಕಡೆ ಸುಳಿಯಲಿಲ್ಲ. ಜಗಲಿಯ ಕಂಬಕ್ಕೆ ಒರಗಿ ಬೀದಿ ನೋಡುತ್ತಾ ಕೂರುತ್ತಿದ್ದರು. ಅಷ್ಟು ದಿನ ಕಾರನ್ನು ಬೈಯುತ್ತಿದ್ದ ಅತ್ತೆಯೇ ಒಂದು ದಿನ ಕೊಟ್ಟಿಗೆಗೆ ಹೋಗಿ ಅದರ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತಿದ್ದದ್ದನ್ನು ನೋಡಿದೆ. ನನ್ನನ್ನು ಕಂಡು, "ಜೇಡರ ಬಲೆ ಕಟ್ಟಿತ್ತು ಕಣೇ" ಎಂದು ಮುಖ ತಿರುಗಿಸಿಕೊಂಡರು.

ಹೀಗೆ ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನನಗೇನು ಅನ್ನಿಸಿತೋ, ಕಚ್ಚೆ ಹಾಕಿ ಸೆರಗು ಬಿಗಿದು ಕಾರಿನ ಮುಂದೆ ನಿಂತೆ. ಅವರು ಮಾಡುತ್ತಿದ್ದ ಕ್ರಮವೆಲ್ಲ ನೆನಪಿತ್ತು. ಪೆಟ್ರೋಲಿನ ನಲ್ಲಿ ತಿರುಗಿಸಿದೆ, ಸ್ವಿಚ್ಚು ಹಾಕಿದೆ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಸುತ್ತಬಾರದು, ಹಿಂದಕ್ಕೆ ಒದ್ದರೆ ಕೈ ಮುರಿಯುತ್ತದೆ ಎಂದು ಹೇಳಿದ್ದರು, ಹಾಗೇ ಹಿಡಿದೆ. ಎಷ್ಟು ಸಲ ತಿರುಗಿಸಿದೆನೋ ಲೆಕ್ಕವಿಲ್ಲ. ರಟ್ಟೆ ಬಿದ್ದುಹೋಯಿತು. ಕೊನೆಗೊಮ್ಮೆ ಅದು ಕೆಮ್ಮಿ, ಹೊಗೆಯುಗುಳಿ, ಇಡೀ ಕೊಟ್ಟಿಗೆ ಅದುರುವಂತೆ ಎದ್ದಿತು. ಪಕ್ಕದ ಮನೆಯವರು ಗೋಡೆಯ ಮೇಲಿನಿಂದ ಇಣುಕಿದರು. ಅತ್ತೆ ಅಡುಗೆಮನೆಯಿಂದ ಓಡಿಬಂದರು. ಜಗಲಿಯಲ್ಲಿದ್ದವರಿಗೆ ಮಾತ್ರ ಏನೂ ಗೊತ್ತಿಲ್ಲ, ಬೀದಿ ನೋಡುತ್ತಲೇ ಇದ್ದರು.

ಹೋಗಿ ಅವರ ಕೈ ಹಿಡಿದು ಎಳೆದುಕೊಂಡು ಬಂದೆ. ಅಲುಗುತ್ತಿದ್ದ ಬಾನೆಟ್ ನೋಡಿ ಅವರು ಹಿಂದೆ ಸರಿದರು. ಬಿಡದೆ ಅವರ ಅಂಗೈಯನ್ನು ಅದರ ಮೇಲಿಟ್ಟು, ನನ್ನ ಕೈಯನ್ನು ಅದರ ಮೇಲೆ ಒತ್ತಿ ಹಿಡಿದೆ. ಮುಖ ಗಂಟಿಕ್ಕಿತು. ಬಯ್ಯುತ್ತಾರೆ ಎಂದುಕೊಂಡೆ. ಕಣ್ಣು ಮುಚ್ಚಿ ಅಂಗೈಯನ್ನು ಇನ್ನಷ್ಟು ಒತ್ತಿದವರು, ತೀರಾ ಜೋರು ದನಿಯಲ್ಲಿ, "ನಾಲ್ಕರಲ್ಲಿ ಮೂರೇ ಹೊಡೀತಾ ಇದೆ ಕಣೇ. ಒಂದು ಸಿಲಿಂಡರ್ ಹೊಡೀತಿಲ್ಲ" ಎಂದರು.

ಅತ್ತೆ ಅಲ್ಲೇ ನೆಲದ ಮೇಲೆ ಕುಳಿತು ಅತ್ತರು.

ಯಾವ ಸಿಲಿಂಡರ್ ಎಂದು ಹುಡುಕುವ ಕೆಲಸ ನನಗೆ ಬಂತು. ಮರದ ಹಿಡಿಯ ಸ್ಕ್ರೂಡ್ರೈವರನ್ನು ಒಂದೊಂದೇ ಪ್ಲಗ್ಗಿನ ತಲೆಗೂ ಎಂಜಿನ್ನಿಗೂ ತಾಗಿಸಿ ಕಿಡಿಯನ್ನು ಕೊಲ್ಲಬೇಕು. ತಾಗಿಸಿದಾಗ ಸದ್ದು ಕುಗ್ಗಿದರೆ ಆ ಸಿಲಿಂಡರ್ ಬದುಕಿದೆ. ಸದ್ದು ಬದಲಾಗದೇ ಹೋದರೆ ಕಳ್ಳ ಅದೇ. ನಾನು ತಾಗಿಸುತ್ತಾ ಹೋದೆ, ಅವರು ನನ್ನ ಮುಖ ನೋಡುತ್ತಾ ನಿಂತರು. ಮೂರನೆಯದಕ್ಕೆ ನಾನು ಹುಬ್ಬೇರಿಸಿದೆ. "ಅದೇ!" ಎಂದು ಕೂಗಿದರು. ಪ್ಲಗ್ ಬಿಚ್ಚಿದರೆ ಮಸಿ ಕಟ್ಟಿ ಕರ್ರಗಾಗಿತ್ತು.

ಅಂದಿನಿಂದ ಭಾನುವಾರಗಳು ಮತ್ತೆ ಶುರುವಾದವು. ಉದ್ದ ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ಎಂಜಿನ್ನಿಗಿಟ್ಟು ಇನ್ನೊಂದು ತುದಿಗೆ ನಾನು ಕಿವಿ ಕೊಡುವುದು, ಕೇಳಿದ್ದನ್ನು ಸ್ಲೇಟಿನಲ್ಲಿ ಬರೆಯುವುದು. ಯಂತ್ರದ ಭಾಷೆ ನನಗೆಲ್ಲಿ ಬರಬೇಕು? "ಸಾಸಿವೆ ಸಿಡಿದಂಗೆ" ಎಂದು ಬರೆದರೆ ವಾಲ್ವಿನ ಸಂದು ಹೆಚ್ಚಾಗಿದೆ ಎಂದು ಅವರು ಅರ್ಥ ಮಾಡಿಕೊಳ್ಳುತ್ತಿದ್ದರು. "ಬೀಸೋ ಕಲ್ಲು ಬರೀ ತಿರುಗಿದಂಗೆ" ಎಂದರೆ ಎಣ್ಣೆ ನೋಡುತ್ತಿದ್ದರು. ಶನಿವಾರ ಸಂಜೆ ಈಗಿನ ಶಿವಾಜಿನಗರದ ಗುಜರಿ ಅಂಗಡಿಗಳಿಗೆ ಇಬ್ಬರೂ ನಡೆದೇ ಹೋಗುತ್ತಿದ್ದೆವು. ಅಲ್ಲೊಬ್ಬರು ವಯಸ್ಸಾದ ಸಾಬರು. ಮೊದಲ ಸಲ ಇವರು ಉತ್ತರ ಕೊಡದಾಗ ಸಿಟ್ಟಾಗಿದ್ದರು. ನಾನು ಕಿವಿ ಮುಟ್ಟಿ ತೋರಿಸಿದೆ. "ಅರೆ, ಮೊದ್ಲೇ ಹೇಳ್ಬೇಕಲ್ಲ ಬೇಟಿ" ಎಂದವರು ಆಮೇಲೆ ಇವರೊಡನೆ ಬಾಯಲ್ಲಿ ಮಾತಾಡಲೇ ಇಲ್ಲ. ಸಾಮಾನನ್ನು ಇವರ ಅಂಗೈಯಲ್ಲಿಟ್ಟು, ಸವೆದ ಕಡೆ ಇವರ ಬೆರಳನ್ನೇ ಹಿಡಿದು ಸವರಿಸಿ, ಬೇಡ ಎಂದು ತಲೆಯಾಡಿಸಿ, ಇನ್ನೊಂದು ಒಳ್ಳೆಯದನ್ನು ಹುಡುಕಿ ಕೊಡುತ್ತಿದ್ದರು.

ಯುದ್ಧ ಮುಗಿಯಿತು. ಪೆಟ್ರೋಲು ಕೊಂಚ ಸಲೀಸಾಯಿತು. ನನ್ನ ತವರು ಕೃಷ್ಣರಾಜಪುರದಾಚೆಯ ಹಳ್ಳಿ. ಅಮ್ಮನಿಗೆ ಮಂಡಿ ನೋವು, ಎತ್ತಿನ ಗಾಡಿಯ ಕುಲುಕಾಟ ತಡೆಯದೆ, ಜ್ವರ ಬಂದ ಮೇಲೆ ಅಳಿಯನನ್ನು ನೋಡಲು ಬಂದೇ ಇರಲಿಲ್ಲ. "ನಾವೇ ಹೋಗಿ ಕಾರಲ್ಲಿ ಕೂರಿಸ್ಕೊಂಡು ಬರೋಣ" ಎಂದರು ಇವರು. ಕಿವಿ ಕೇಳದವರು ಮದ್ರಾಸು ರಸ್ತೆಯಲ್ಲಿ ಕಾರು ಓಡಿಸುವುದೆಂದರೆ ನನಗೆ ದಿಗಿಲಾಯಿತು. ಅದಕ್ಕೂ ಒಂದು ಏರ್ಪಾಡು ಮಾಡಿದರು. ನಾನು ಪಕ್ಕದಲ್ಲಿ ಕೂತು ಅವರ ಎಡ ಭುಜ ತಟ್ಟಬೇಕು. ಹಿಂದೆ ಹಾರ್ನ್ ಆದರೆ ಒಂದು ಸಲ, ನಿಲ್ಲಿಸಬೇಕಾದರೆ ಎರಡು, ಎಂಜಿನ್ ಸದ್ದು ಕೆಟ್ಟರೆ ಮೂರು. ತಂತಿ ಆಫೀಸಿನವರಲ್ಲವೇ, ಇಷ್ಟು ಹೇಳಿಕೊಡುವಾಗ ಅವರ ಮುಖದಲ್ಲಿ ಹಳೆಯ ಗತ್ತು ಬಂದಿತ್ತು.

ತಮ್ಮ ಅತ್ತೆ, ಅಂದರೆ ನನ್ನ ಅಮ್ಮ, ಕೂರುವ ಕಾರು ಎಂದು ಎರಡು ವಾರ ಅದಕ್ಕೆ ಶೃಂಗಾರ ಮಾಡಿದರು. ಸೀಟಿನ ಹರಿದ ಚರ್ಮ ಹೊಲಿದರು. ಹಿತ್ತಾಳೆ ಬೆಳಗಿದರು. ತುಕ್ಕು ಹಿಡಿದದ್ದನ್ನೆಲ್ಲ ಉಜ್ಜಿ ಕಪ್ಪು ಬಣ್ಣ ಬಳಿದರು.

ಹೊರಟದ್ದೇನೋ ಚೆನ್ನಾಗಿಯೇ ಹೊರಟೆವು. ಕೆರೆ ದಾಟಿ, ಈಗ ಇಂದಿರಾನಗರ ಎನ್ನುವ ಕಡೆಯ ರಾಗಿ ಹೊಲಗಳನ್ನು ದಾಟಿ ಬೈಯಪ್ಪನಹಳ್ಳಿ ಹತ್ತಿರ ಬಂದಾಗ ಎಂಜಿನ್ ತೊದಲತೊಡಗಿತು. ಮೂರು ಸಲ ಭುಜ ತಟ್ಟಿದೆ. ಅಷ್ಟರಲ್ಲಿ ನಿಂತೇ ಹೋಯಿತು. ಅವರು ಇಳಿದು ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿ ಅದ್ದಿ ನೋಡಿದರು. ಪೆಟ್ರೋಲಿತ್ತು. ಪ್ಲಗ್ ಬಿಚ್ಚಿ ಒರೆಸಿ ಹಾಕಿದರು. ಹ್ಯಾಂಡಲ್ ತಿರುಗಿಸಿದರೆ ಏನೂ ಆಗಿಯೇ ಇಲ್ಲವೆಂಬಂತೆ ಎದ್ದಿತು! ಮುಂದೆ ಹೋಗಲು ಧೈರ್ಯ ಸಾಲದೆ ಹಿಂದಕ್ಕೆ ತಿರುಗಿಸಿದೆವು. ಹಲಸೂರು ಕೆರೆಯ ಹತ್ತಿರ ಮತ್ತೆ ನಿಂತಿತು.

ಮುಂದಿನ ಭಾನುವಾರ ಕಾರ್ಬೊರೇಟರ್ ಬಿಚ್ಚಿ ತೊಳೆದು ಹೊರಟೆವು. ಬೈಯಪ್ಪನಹಳ್ಳಿಯಲ್ಲಿ ನಿಂತಿತು. ಅದರ ಮುಂದಿನ ಭಾನುವಾರ ಪೆಟ್ರೋಲ್ ಬರುವ ಕೊಳವೆ, ಕಿಡಿಯ ತಂತಿಗಳು, ಎಲ್ಲ ಹೊಸದು. ಅಲ್ಲೇ ನಿಂತಿತು. ಆ ಸಲವಂತೂ ಸೊಪ್ಪು ಹೇರಿಕೊಂಡು ಬರುತ್ತಿದ್ದ ಗಾಡಿಯವರು, "ಎತ್ತು ಕಟ್ಲಾ ಸ್ವಾಮಿ?" ಎಂದು ನಕ್ಕು ಹೋದರು. ಇವರಿಗೆ ಮಾತು ಕೇಳಲಿಲ್ಲ, ನಗು ಕಾಣಿಸಿತು.

ನಾಲ್ಕನೇ ಸಲ ನಿಂತಾಗ ಅವರು ಇಳಿದು ಬಾನೆಟ್ ಕೂಡ ತೆರೆಯಲಿಲ್ಲ. ರಸ್ತೆ ಪಕ್ಕದ ಹುಣಸೆ ಮರದ ಕೆಳಗೆ ಹೋಗಿ ಕೂತರು. ನಾನು ಹತ್ತಿರ ಹೋದೆ.

"ನಂಗೆ ಕಿವಿ ಇದ್ದಿದ್ರೆ ಮೊದಲನೇ ದಿನಾನೇ ಗೊತ್ತಾಗ್ತಿತ್ತು. ಸಾಕು, ಇದನ್ನ ಯಾರಿಗಾದ್ರೂ ಕೊಟ್ಬಿಡ್ತೀನಿ. ಹಸೂನ ಒಳಗೆ ಕಟ್ಟು" ಎಂದರು. ದನಿ ಎಷ್ಟು ಸಣ್ಣದಾಗಿತ್ತೆಂದರೆ ತುಟಿ ನೋಡಿ ನಾನೇ ಅರ್ಥ ಮಾಡಿಕೊಳ್ಳಬೇಕಾಯಿತು.

ಸಮಾಧಾನ ಹೇಳಲು ಸ್ಲೇಟು ತರೋಣವೆಂದು ಕಾರಿಗೆ ಬಂದೆ. ಕೈ ಸುಮ್ಮನಿರಲಾರದೆ, ಅವರು ಯಾವಾಗಲೂ ಮೊದಲು ಮಾಡುತ್ತಿದ್ದಂತೆ ಗಾಜಿನ ಮುಂದಿದ್ದ ಟ್ಯಾಂಕಿನ ಮುಚ್ಚಳ ತಿರುಗಿಸಿದೆ.

ಸುಸ್ಸ್... ಎಂದು ಒಳಗೆ ಗಾಳಿ ಎಳೆದುಕೊಂಡ ಸದ್ದು.

ಹಿಂದಿನ ಸಲಗಳಲ್ಲೆಲ್ಲ ಅವರು ಮುಚ್ಚಳ ತೆಗೆಯುವಾಗ ನಾನು ರೇಡಿಯೇಟರಿಗೆ ನೀರು ತರಲು ಬಾವಿ ಹುಡುಕಿಕೊಂಡು ಹೋಗಿರುತ್ತಿದ್ದೆ. ಆ ಸದ್ದು ಕೇಳಬಲ್ಲವರು ಯಾರೂ ಅಲ್ಲಿರುತ್ತಿರಲಿಲ್ಲ. ನನಗೆ ಥಟ್ಟನೆ ಮನೆಯ ಸೀಮೆಎಣ್ಣೆ ಡಬ್ಬ ನೆನಪಾಯಿತು. ಹೊಸ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಎಣ್ಣೆ ಗುಟುಕು ಗುಟುಕು ಬಂದು ನಿಂತುಹೋಗುತ್ತದೆ. ಆ ಕಡೆ ಗಾಳಿಗೆಂದು ಇನ್ನೊಂದು ತೂತು ಹೊಡೆಯಲೇಬೇಕು. ಇದು ಯಾವ ಹೆಂಗಸಿಗೆ ಗೊತ್ತಿಲ್ಲ? ಮುಚ್ಚಳವನ್ನು ಬಿಸಿಲಿಗೆ ಹಿಡಿದು ನೋಡಿದೆ. ನಡುವೆ ಸೂಜಿಮೊನೆಯಷ್ಟು ಗುಳಿಯಿತ್ತು. ಅದರ ಮೇಲೆ ಕಪ್ಪು ಬಣ್ಣ ಕೂತು ಮುಚ್ಚಿಹೋಗಿತ್ತು.

ಓಡಿಹೋಗಿ ಸ್ಲೇಟಿನಲ್ಲಿ ಬರೆದೆ: "ಮುಚ್ಚಳ ತೆಗೆದರೆ ಸುಸ್ ಅಂತು. ಗಾಳಿ ಹೋಗ್ತಿಲ್ಲ. ತೂತಿಗೆ ಬಣ್ಣ ಹೊಡೆದಿದ್ದೀರಿ."

ಓದಿದರು. ಮತ್ತೊಮ್ಮೆ ಓದಿದರು. ಮುಚ್ಚಳ ಕಿತ್ತುಕೊಂಡು ಕಣ್ಣಿನ ಹತ್ತಿರ ಹಿಡಿದರು. "ಹೌದು ಕಣೇ. ಅದಕ್ಕೇ ಟ್ಯಾಂಕ್ ನೋಡಿದ ಮೇಲೆ ಪ್ರತೀ ಸಲ ಸ್ಟಾರ್ಟ್ ಆಗ್ತಿತ್ತು! ನಾನು ಪ್ಲಗ್ ಒರೆಸಿದ್ದಕ್ಕೆ ಅಂದ್ಕೊಂಡಿದ್ದೆ" ಎಂದರು. ಆಮೇಲೆ ನಗು ಶುರುವಾಯಿತು. ತಾನೇ ಮುದ್ದು ಮಾಡಿ ತಾನೇ ಉಸಿರು ಕಟ್ಟಿಸಿದ್ದೆನಲ್ಲ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ನನ್ನ ರವಿಕೆಯ ಪಿನ್ನು ಕೇಳಿ ಇಸಿದುಕೊಂಡು ತೂತು ಬಿಡಿಸಿದರು. ಎಂಜಿನ್ ಎದ್ದಿತು. ಅವರು ಕಾರು ಹತ್ತುವ ಮುಂಚೆ, ನಡುರಸ್ತೆ ಎನ್ನುವುದನ್ನೂ ನೋಡದೆ, ನನ್ನ ಎರಡೂ ಕಿವಿಯನ್ನು ತಮ್ಮ ಗ್ರೀಸಿನ ಕೈಯಿಂದ ಮೆಲ್ಲಗೆ ಹಿಡಿದು ಬಿಟ್ಟರು.

ಎಲ್ಲೂ ನಿಲ್ಲದೆ ಹಳ್ಳಿ ಸೇರಿದೆವು. ಅಮ್ಮ ಕಾರಿಗೆ ಅರಿಸಿನ ಕುಂಕುಮವಿಟ್ಟು, ಕಾಲಿನ ಚಪ್ಪಲಿ ಹೊರಗೇ ಬಿಟ್ಟು ಹತ್ತಲು ಹೋದಳು. ಅವನ್ನೂ ಎತ್ತಿ ಒಳಗಿಟ್ಟೆ. ಅಳಿಯನ ಎದುರಿಗೆ ಆಕೆಗೆ ನಾಚಿಕೆ, ಮೊದಲ ಅರ್ಧ ಮೈಲಿ ಸೀಟಿನ ಅಂಚು ಹಿಡಿದು ಬಾಯಿ ಬಿಡಲಿಲ್ಲ. ಆಮೇಲೆ ಮಾತು ಶುರುವಾಯಿತು ನೋಡಿ. ಹಿಂದಿನಿಂದ ಮುಂದಕ್ಕೆ ಬಾಗಿ, ಅಳಿಯನಿಗೆ ಊರ ಸುದ್ದಿಯೆಲ್ಲ ಹೇಳುತ್ತಾ ಬಂದಳು. ಯಾವ ಹೊಲದಲ್ಲಿ ರಾಗಿ ಹೇಗೆ ಬಂದಿದೆ, ನನ್ನ ಅಣ್ಣನ ಮಗು ಎಷ್ಟು ಹೆಜ್ಜೆ ಇಡುತ್ತದೆ, ಜ್ವರ ಬಂದಾಗ ತಾನು ಎಷ್ಟು ದೇವರಿಗೆ ಹರಸಿಕೊಂಡೆ. ಕನ್ನಡಿಯಲ್ಲಿ ಆಕೆಯ ಬಾಯಿ ಆಡುವುದನ್ನು ನೋಡಿ ಇವರು ಆಗಾಗ "ಹೂಂ ಅಮ್ಮಾ, ಹೌದಮ್ಮಾ" ಎನ್ನುತ್ತಿದ್ದರು. ಬಹುಪಾಲು ತಪ್ಪು ಜಾಗದಲ್ಲಿ.

ನಾನು ಹಿಂದೆ ತಿರುಗಿ, "ಅಮ್ಮ, ಅವ್ರಿಗೆ ಕೇಳ್ಸಲ್ಲ ಅಂತ ನಿಂಗೊತ್ತಲ್ಲ" ಎಂದೆ.

"ಗೊತ್ತು ಬಿಡೇ. ಎರಡು ವರ್ಷದಿಂದ ಅವರ ಹತ್ರ ಆಡ್ಬೇಕು ಅಂತ ಇಟ್ಕೊಂಡಿರೋ ಮಾತು. ಆಡ್ದೆ ಹೇಗಿರ್ಲಿ?" ಎಂದು ಅಮ್ಮ ಮತ್ತೆ ಮುಂದಕ್ಕೆ ಬಾಗಿದಳು.