ಯಾರೂ ಕೊಡದ ಲೊಕೇಶನ್

ಇದನ್ನು ಕಥೆ ಎಂದುಕೊಂಡು ಓದಬೇಡಿ. ಈ ಸಂಗತಿಗಾಗಿ ನನಗೆ ನೋಟಿಸ್ ಬಂದಿದೆ. ಅದರ ಮೇಲೆ ಸಹಿ ಇದೆ, ಸೀಲು ಇದೆ. ಕಟ್ಟುಕಥೆಗೆ ಯಾರೂ ಸೀಲು ಹಾಕಿ ನೋಟಿಸ್ ಕಳಿಸುವುದಿಲ್ಲ.

ಕಲಬುರಗಿಯ ಜಗತ್ ಸರ್ಕಲ್ ಹತ್ತಿರ ಒಂದು ಖಾಸಗಿ ಆಂಬುಲೆನ್ಸ್ ಸೇವೆಯ ಆಫೀಸಿದೆ. ಔಷಧಿ ಅಂಗಡಿಯ ಮೇಲಿನ ಕೋಣೆ. ಒಂಬತ್ತು ವರ್ಷದಿಂದ ಅಲ್ಲಿ ಕುಳಿತು ಬಂದ ಕರೆಗಳನ್ನು ತೆಗೆದುಕೊಳ್ಳುವುದು ನನ್ನ ಕೆಲಸ.

ಪೆಟ್ಟು ಬಿದ್ದವರಿಗೆ ತಾವೆಲ್ಲಿದ್ದೇವೆ ಎಂದು ಹೇಳಲು ಬರುವುದಿಲ್ಲ. ಆಗ ನಾವು ಅವರ ನಂಬರನ್ನು ಮೊಬೈಲ್ ಕಂಪನಿಯ ಕಂಪ್ಯೂಟರಿಗೆ ಕಳಿಸುತ್ತೇವೆ. ಕೇಳುತ್ತಿರುವವರಿಗೆ ಅನುಮತಿ ಇದೆಯೇ ಎಂದು ಅದು ಮೊದಲು ನೋಡುತ್ತದೆ. ಇದ್ದರೆ, ಆ ಫೋನು ಯಾವ ಟವರಿಗೆ ಸಿಕ್ಕಿದೆ ಎಂದು ಹುಡುಕಿ, ಫೋನನ್ನೇ ಸದ್ದಿಲ್ಲದೆ ವಿಚಾರಿಸಿ, ನಮ್ಮ ನಕ್ಷೆಯ ಮೇಲೆ ಒಂದು ವೃತ್ತ ಎಳೆಯುತ್ತದೆ. ಫೋನು ಉತ್ತರ ಕೊಟ್ಟರೆ ವೃತ್ತ ಚಿಕ್ಕದು, ಒಂದು ಮನೆಯಷ್ಟು. ಫೋನು ಬಂದ್ ಆಗಿದ್ದರೆ ಕೊನೆಗೆ ಸಿಕ್ಕ ಟವರಿನ ಸುತ್ತ ದೊಡ್ಡ ವೃತ್ತ, ಎರಡು ಊರು ಹಿಡಿಯುವಷ್ಟು. ಅಷ್ಟು ಸಿಕ್ಕರೂ ಎಷ್ಟೋ ಜೀವ ಉಳಿದಿವೆ.

ಅಂದು ತೊಗರಿ ಇನ್ನೂ ಹೊಲದಲ್ಲೇ ನಿಂತಿದ್ದ ಚಳಿಗಾಲ. ಸಂಜೆ ಏಳೂವರೆಗೆ ಒಂದು ಕರೆ ಬಂತು. ಸೂಪರ್ ಮಾರ್ಕೆಟ್ ಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಬಸವರಾಜ ಎಂಬುವವನದು.

"ಅಕ್ಕೋರ... ನನ್ ಹೆಂಡ್ತಿ ಜಗದೇವಿ ಕಮಲಾಪುರದಾಗ ಲ್ಯಾಬ್ ಕೆಲಸ ಮಾಡ್ತಾಳ್ರಿ. ದಿನಾ ಸ್ಕೂಟಿ ಮ್ಯಾಲೆ ಬರ್ತಾಳ. ಏಳಕ್ಕ ಹತ್ತು ಮಿನಿಟ್ ಇದ್ದಾಗ ಫೋನ್ ಮಾಡಿ, 'ರೀ, ಬಿದ್ದೀನ್ರಿ' ಅಂದ್ಲು. ಕಟ್ ಆತು. ಆಮ್ಯಾಲ ಸ್ವಿಚ್ಡ್ ಆಫ್ ಬರಾಕತ್ತದ. ರಸ್ತಾ ತುಂಬ ಹುಡುಕಾಕತ್ತೀನಿ, ಎಲ್ಲೂ ಕಾಣವಲ್ಲಳು..."

ಮೂವತ್ತೈದು ಕಿಲೋಮೀಟರಿಗೂ ಮಿಕ್ಕಿದ ರಸ್ತೆ. ಪೊಲೀಸರೂ ಹುಡುಕುತ್ತಿದ್ದರು. ಕತ್ತಲಲ್ಲಿ ಯಾವ ತಗ್ಗಿಗೆಂದು ಬ್ಯಾಟರಿ ಬೆಳಕು ಬಿಡಬೇಕು?

ಜಗದೇವಿಯ ನಂಬರ್ ಕಳಿಸಿದೆ. 'ತಿರಸ್ಕೃತ' ಎಂದು ಬಂತು. ಮತ್ತೆ ಕಳಿಸಿದೆ. ತಿರಸ್ಕೃತ.

ಕಂಪನಿಗೆ ಫೋನ್ ಹಚ್ಚಿದೆ. ಆ ಕಡೆಯವನದು ನಯವಾದ ಮಾತು. "ಮೇಡಂ, ನಿಮ್ಮ ಸಂಸ್ಥೆಯ ಅನುಮತಿ ನಿನ್ನೆಗೆ ಮುಗಿದಿದೆ. ನವೀಕರಣದ ಅರ್ಜಿ ಪರಿಶೀಲನೆಯಲ್ಲಿದೆ."

"ಅರ್ಜಿ ಕೊಟ್ಟು ತಿಂಗಳಾತ್ರಿ! ಒಬ್ಬಾಕಿ ಎಲ್ಲೋ ಬಿದ್ದಾಳ. ಕೊನೀ ಟವರ್ ಯಾವ್ದು ಅಂತ ಅಷ್ಟರೇ ಹೇಳ್ರಿ."

"ಗ್ರಾಹಕರ ಖಾಸಗಿ ಮಾಹಿತಿ ಮೇಡಂ. ಲೆಟರ್‌ಹೆಡ್ಡಿನಲ್ಲಿ ಬರೆದು ಇಮೇಲ್ ಮಾಡಿ. ನಾಳೆ ಹತ್ತಕ್ಕೆ ಮೇಲಿನವರು ನೋಡುತ್ತಾರೆ."

"ನಾಳೆ ಹತ್ತಕ್ಕ ಆಕಿ ಜೀವಂತ ಇರ್ತಾಳೇನ್ರಿ?"

"ದಯವಿಟ್ಟು ಲೈನಿನಲ್ಲಿರಿ..." ಎಂದು ಹಾಡು ಹಚ್ಚಿಬಿಟ್ಟ.

ನನಗೆ ಸಿಟ್ಟು ಬಂತು. ಅದೇ ಕಂಪನಿ ಅದೇ ಟವರಿನಿಂದ ಸೀರೆ ಅಂಗಡಿಯ ಜಾಹೀರಾತನ್ನು ಸರಿಯಾಗಿ ನನ್ನ ಓಣಿಗೇ ಕಳಿಸುತ್ತದೆ. ಆಗ ಯಾವ ಲೆಟರ್‌ಹೆಡ್ಡೂ ಬೇಕಾಗುವುದಿಲ್ಲ! ಹಾಡು ಕೇಳುತ್ತಲೇ ಆ ನಂಬರನ್ನು ಮತ್ತೆ ಮತ್ತೆ ಕಳಿಸಿದೆ. ಮೂರು... ನಾಲ್ಕು... ಐದು... ಆರು. ಆರೂ ಸಲ ತಿರಸ್ಕೃತ.

ಆಗ ಹಾಡು ನಿಂತಿತು.

ಲೈನ್ ಕಟ್ಟಾಗಿರಲಿಲ್ಲ. ಕಿವಿಯಲ್ಲಿ ನೀರು ತೊಟ್ಟಿಕ್ಕುವ ಸದ್ದು... ಟಪ್... ಟಪ್... ಅದರ ಹಿಂದೆ ಜೀರುಂಡೆ. ದೂರದಲ್ಲಿ ಲಾರಿಯೊಂದು ಏರು ಹತ್ತುವ ಸದ್ದು. ಕೋಣೆಯಲ್ಲಿ ಸದಾ ಇರುವ ಫಿನಾಯಿಲ್ ವಾಸನೆ ಹೋಗಿ, ಕೊಳೆತ ಎಲೆಯ, ಹಸಿ ಕೆಸರಿನ ವಾಸನೆ ಮೂಗಿಗೆ ಅಡರಿತು. ಕಿಟಕಿ ಮುಚ್ಚಿತ್ತು.

"ಹಲೋ... ಯಾರ್ರಿ?" ಎಂದೆ. ಯಾರೋ ಉಸಿರು ಎಳೆದುಕೊಂಡರು.

ಪರದೆಯ ಮೇಲೆ ವೃತ್ತ ಬಂತು.

ನಾನು ಏಳನೆಯ ಸಲ ಕೇಳಿರಲೇ ಇಲ್ಲ. ಸಮಯ ಎಂಟು ಗಂಟೆ ಐದು ನಿಮಿಷ. ವೃತ್ತದ ಅಳತೆ ಹದಿನೈದು ಮೀಟರ್. ಕಮಲಾಪುರದ ಈಚೆಗೆ, ರಸ್ತೆ ಇಳಿಯುವಲ್ಲಿ, ಒಂದು ಸಣ್ಣ ಸೇತುವೆಯ ಪಕ್ಕ. ಬಂದ್ ಆದ ಫೋನಿಗೆ ಅಷ್ಟು ಚಿಕ್ಕ ವೃತ್ತ ಬರಲು ಸಾಧ್ಯವೇ ಇಲ್ಲ. ಮೊಬೈಲಿನಲ್ಲಿ ಪರದೆಯ ಫೋಟೋ ಹೊಡೆದುಕೊಂಡು, ಕಮಲಾಪುರದಲ್ಲಿ ಗಾಡಿ ನಿಲ್ಲಿಸಿಕೊಂಡಿದ್ದ ನಮ್ಮ ಡ್ರೈವರ್ ಮಹಿಬೂಬ್ ಭಾಯಿಗೆ ಅದರಿಂದಲೇ ಫೋನ್ ಮಾಡಿದೆ.

ಇಪ್ಪತ್ತು ನಿಮಿಷಕ್ಕೆ ಅವರ ಕರೆ ಬಂತು. ಏದುಸಿರು ಬಿಡುತ್ತಿದ್ದರು.

"ಸಿಕ್ಕಾಳ್ರಿ ಅಕ್ಕಾ! ಸೇತುವೆ ಕೆಳಗ ಅದಾಳ. ಕಾಲು ಮುರದದ, ರಕ್ತ ಭಾಳ ಹೋಗ್ಯದ. ಉಸಿರು ಅದ... ಆದ್ರ ಅಕ್ಕಾ, ಫೋನ್ ನೀರಾಗ ಬಿದ್ದದ. ಎರಡು ತುಂಡಾಗ್ಯದ. ನಿಮಗ ಲೊಕೇಶನ್ ಹ್ಯಾಂಗ ಬಂತು?"

ಪರದೆಯ ಕಡೆ ತಿರುಗಿದೆ. ವೃತ್ತ ಹೋಗಿತ್ತು. ಮೇಜಿನ ಮೇಲೆ ಇಟ್ಟಿದ್ದ ರಿಸೀವರಿನಲ್ಲಿ ಮತ್ತೆ ಅದೇ ಹಾಡು.

ಇನ್ನು ಅರ್ಧ ಗಂಟೆ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಕಂಪನಿಯವರಿಗೆ ನಾಚಿಕೆಯಾಗಬೇಕಿತ್ತು. ಆಕೆ ಸಿಕ್ಕ ಸುದ್ದಿಯನ್ನು ಪೇಪರಿನಲ್ಲಿ ಓದಿ ಅವರು ಕಳಿಸಿದ್ದು ನೋಟಿಸು. ಆ ಸಂಜೆ ನಮ್ಮ ಆರೂ ವಿನಂತಿಗಳನ್ನು ತಿರಸ್ಕರಿಸಲಾಗಿದೆಯಂತೆ. ಆ ಫೋನು ಏಳಕ್ಕೆ ಹತ್ತು ನಿಮಿಷವಿದ್ದಾಗಲೇ ನೆಟ್‌ವರ್ಕಿನಿಂದ ಹೊರಗೆ ಹೋಗಿದೆಯಂತೆ. ಹಾಗಾದರೆ ಲೊಕೇಶನನ್ನು ಯಾವ ಅಕ್ರಮ ದಾರಿಯಿಂದ ಪಡೆದಿರಿ, ಏಳು ದಿನದೊಳಗೆ ತಿಳಿಸಿ!

"ಗಂಡನೇ ಜಾಗ ಹೇಳಿದ ಅಂತ ಬರದುಬಿಡವಾ, ಮುಗೀತದ," ಎಂದರು ನಮ್ಮ ಮ್ಯಾನೇಜರ್.

ನಾನು ಬರೆಯಲಿಲ್ಲ. ಆಕೆಯನ್ನು ಸಾಯಲು ಬಿಟ್ಟವರು ನಯವಾಗಿ ಮಾತಾಡಿ ಪಾರಾಗಬೇಕು, ಉಳಿಸಿದವಳು ಸುಳ್ಳು ಬರೆದುಕೊಡಬೇಕೇ? ನಡೆದದ್ದನ್ನು ನಡೆದ ಹಾಗೆ ಬರೆದು, ಫೋಟೋ ಹಚ್ಚಿ ಕಳಿಸಿದೆ. ಈವರೆಗೆ ಉತ್ತರವಿಲ್ಲ.

ಎರಡು ತಿಂಗಳ ಮೇಲೆ ಜಗದೇವಿ ಆಫೀಸಿಗೆ ಬಂದಳು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿನ ಚೀಲ. ನನ್ನ ದನಿ ಕೇಳಿದವಳೇ ಬೇರೆ ಯಾರನ್ನೋ ಹುಡುಕುವಂತೆ ಮುಖ ನೋಡುತ್ತ ನಿಂತಳು.

"ಅಂದು ನನ್ ಜೋಡಿ ಫೋನಿನ್ಯಾಗ ಮಾತಾಡಿದಾಕಿ ನೀವಲ್ಲೇನ್ರಿ?"

"ನಾನ್ಯಾಕ ಮಾತಾಡ್ಲಿ ತಂಗಿ? ನಿನ್ ಫೋನ್ ನೀರಾಗ ಬಿದ್ದು ಮುರದಿತ್ತಲ್ಲ."

"ನೀರಾಗೇ ಇತ್ರಿ. ಅಲ್ಲಿಂದೇ ದನಿ ಬರಾಕತ್ತಿತ್ತು... ನಿಮ್ ದನಿ ಅಲ್ಲ. ಆಕಿ ಭಾಳ ಸಿಟ್ಟಿನಾಕಿ. ಒಂದೇ ಸವನ ಬೈತಿದ್ಲು. ನಿದ್ದಿ ಮಾಡಬ್ಯಾಡ, ಕಣ್ ಮುಚ್ಚಬ್ಯಾಡ ಅಂತ."

"ಮತ್ತೇನಂದ್ಲು?"

ಜಗದೇವಿ ದನಿ ತಗ್ಗಿಸಿದಳು. "'ನನಗೂ ಹಿಂಗೇ ಹುಡುಕ್ತೀವಿ ಅಂದಿದ್ರು. ಯಾರೂ ಬರ್ಲಿಲ್ಲ. ನಿನ್ ಕಡೆ ಅವರನ್ನ ಕರಕೊಂಡು ಬರ್ತೀನಿ' ಅಂದ್ಲ್ರಿ."

ಆಕೆ ಹೋದ ಮೇಲೆ ಕಂಪ್ಯೂಟರಿನ ಮುಂದೆ ಕುಳಿತೆ. ಒಂಬತ್ತು ವರ್ಷದಲ್ಲಿ ಆ ರಸ್ತೆಯಿಂದ ಬಂದ ಕರೆಗಳೆಲ್ಲ ನಮ್ಮ ಕಂಪ್ಯೂಟರಿನಲ್ಲಿವೆ. ಯಾವುದಕ್ಕೆ ಗಾಡಿ ಹೋಯಿತು, ಯಾವುದು ತಿರಸ್ಕೃತವಾಯಿತು, ಯಾವ ಹೆಂಗಸಿಗೆ "ಹುಡುಕ್ತೀವವಾ, ಧೈರ್ಯ ತಗೋ" ಎಂದು ಹೇಳಿ ನಾನು ಫೋನಿಟ್ಟೆ... ಎಲ್ಲ ಇದೆ. ತೆರೆಯಲು ಎರಡು ನಿಮಿಷವೂ ಬೇಡ.

ಇನ್ನೂ ತೆರೆದಿಲ್ಲ.