ಕಾರ್ಟೂನಿನ ಅರಬ್ಬಿ ಮಾತು

ಫೋನಿನೊಳಗಿನ ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನ್ನ ಮೊಮ್ಮಗಳು ಸುಮಾ ಫೋನನ್ನು ನನ್ನ ಮಡಿಲಿಗೆ ಎಸೆದು ಅಳತೊಡಗಿದಳು. ಮುಂದಿನ ತಿಂಗಳು ಇವಳು ಮಸ್ಕತ್ತಿಗೆ ಅಪ್ಪನ ಬಳಿ ಹೋಗಿ ಅಲ್ಲಿಯ ಶಾಲೆಗೆ ಸೇರಬೇಕು. ಅದಕ್ಕೇ ನನ್ನ ಮಗ ಅಲ್ಲಿ ತನ್ನ ಪಕ್ಕದ ಮನೆಯ ಅರಬ್ಬಿ ಹುಡುಗಿಯನ್ನು ಫೋನಿನಲ್ಲಿ ಮಾತಿಗೆ ಕರೆದಿದ್ದ. ಭಟ್ಕಳದ ಶಾಲೆಯಲ್ಲಿ ಕಲಿತ ಅರಬ್ಬಿಯಲ್ಲಿ ಸುಮಾ ಅವಳ ಹೆಸರು, ತರಗತಿ ಎಲ್ಲ ಚೊಕ್ಕವಾಗಿಯೇ ಕೇಳಿದ್ದಳು.

“ಅಲ್ಲಿ ಯಾರೂ ಹಾಂಗೆ ಮಾತಾಡುದಿಲ್ವಂತೆ ಅಜ್ಜಿ. ಟೀವಿಲಿ ಕಾರ್ಟೂನಿನವ್ರು ಮಾತ್ರ ಹಾಂಗೆ ಪುಸ್ತಕದ ಅರಬ್ಬಿ ಮಾತಾಡುದಂತೆ. ಅಪ್ಪನೂ ನಗ್ತಾನೆ. ನಾ ಹೋಗುದಿಲ್ಲ.”

“ಅದಕ್ಕೆ ಎಂತಕ್ಕೆ ಅಳೂದು? ನಾನು ಮೀನುಬುಟ್ಟಿ ಹೊತ್ಕೊಂಡು ಹೋಗಿ, ‘ಬಂಗುಡೆಯನ್ನು ಕೊಂಡುಕೊಳ್ಳಿರಿ’ ಅಂದ್ರೆ ಪೇಟೆಯವ್ರು ನಗುದಿಲ್ವಾ? ಪುಸ್ತಕದ್ದು ಪರೀಕ್ಷೆಗೆ ಆತು. ಬೀದಿದು ಬೀದಿಲೇ ಕಲಿ.”

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಅಷ್ಟರಲ್ಲಿ ಫೋನು ಮತ್ತೆ ಬಡಿದುಕೊಂಡಿತು. ಆ ಹುಡುಗಿ ತನ್ನ ತಂಗಿಯರನ್ನೆಲ್ಲ ಸಾಲಾಗಿ ಕೂರಿಸಿಕೊಂಡಿದ್ದಳು. ಸುಮಾ ಇನ್ನೊಮ್ಮೆ ಕಾರ್ಟೂನಿನ ಹಾಗೆ ಮಾತಾಡಬೇಕಂತೆ!

ಈಗ ದಿನಾ ಸಂಜೆ ಇವಳು ಪುಸ್ತಕದ ಅರಬ್ಬಿ ಆಡುತ್ತಾಳೆ, ಅವರು ಇವಳಿಗೆ ಮನೆಮಾತು ಕಲಿಸುತ್ತಾರೆ. ನನ್ನ ಕಿವಿಗೆ ಎರಡೂ ಒಂದೇ ಗಲಾಟೆ. ‘ನಾ ಹೋಗುದಿಲ್ಲ’ ಎನ್ನುವುದು ನಿಂತಿದೆ; ‘ಯಾವಾಗ ಹೋಗುದು’ ಎಂದು ತಲೆ ತಿನ್ನುತ್ತಾಳೆ.