ಮೊಳೆಗೆ ತೂಗುವ ರೊಟ್ಟಿ

ಬೆಳಕು ಹರಿಯುವ ಮೊದಲೇ ಮಸ್ತೂರಾ ಅಕ್ಕ ತಂದೂರಿನ ಬಾಯಿಗೆ ಸೊಂಟದವರೆಗೆ ಬಗ್ಗಿದ್ದಾರೆ. ವಯಸ್ಸು ಅರವತ್ತೊಂದು, ಮೊಣಕೈವರೆಗೂ ಸುಟ್ಟ ಕಲೆ. ಫರ್ಗಾನಾ ಕಣಿವೆಯ ನಮ್ಮ ಬೀದಿಗೆ ದಿನಕ್ಕೆ ಇನ್ನೂರು ರೊಟ್ಟಿ ಇವರದೇ.

"ದೂರ ನಿಲ್ಲೋ, ಗಡ್ಡಕ್ಕೆ ಬೆಂಕಿ ಹತ್ತೀತು. ಆಮೇಲೆ ಅದನ್ನೇ ಸುದ್ದಿ ಮಾಡ್ತೀಯ!" ಪತ್ರಿಕೆಗೆ ಬರೆಯುವ ನನಗೆ ಅಕ್ಕನ ಗದರಿಕೆ.

ಗೋಡೆಯ ಮೇಲೆ ಎರಡು ಮೊಳೆ. ಒಂದಕ್ಕೆ ಕಚ್ಚಿದ ರೊಟ್ಟಿ ತೂಗುತ್ತಿದೆ, ಇನ್ನೊಂದು ಖಾಲಿ. ನಮ್ಮ ರೂಢಿಯಲ್ಲಿ ಊರು ಬಿಡುವವರು ರೊಟ್ಟಿಯನ್ನು ಒಂದು ತುತ್ತು ಕಚ್ಚಿ ಹೋಗಬೇಕು. ಮೊಳೆಗೆ ತೂಗಿದ ಉಳಿದದ್ದನ್ನು ಮರಳಿ ಬಂದು ತಿನ್ನಬೇಕು.

ಒಂಬತ್ತು ವರ್ಷದ ಹಿಂದೆ ಜನ ಸರ್ಕಾರದ ವಿರುದ್ಧ ಚೌಕದಲ್ಲಿ ಕೂತಾಗ, ಹೊರದೇಶದ ಮಾನವ ಹಕ್ಕು ಸಂಸ್ಥೆಯ ಬ್ರಿಗಿಟಾ ಮೂರು ತಿಂಗಳು ಈ ಮನೆಯಲ್ಲೇ ಉಂಡು ಮಲಗಿದಳು. ಅಕ್ಕನ ಮಗ ಎಲ್ಮುರಾದ್ ಅವಳ ದುಭಾಷಿ. ಗುಂಡೇಟು ತಿಂದವರ ಹೆಸರು ಕಲೆಹಾಕಿ ಕೊಟ್ಟವನು ಅವನೇ. ಸೇನೆ ಊರು ಸುತ್ತುವರಿದ ದಿನ ಸಂಸ್ಥೆಯ ಕಾರು ಬಂತು. ಅದರಲ್ಲಿ ಜಾಗ ಪರದೇಶದವರಿಗೆ ಮಾತ್ರ. "ವಾರದಲ್ಲಿ ಬರ್ತೀನಮ್ಮ," ಎಂದು ರೊಟ್ಟಿ ಕಚ್ಚಿ ಬ್ರಿಗಿಟಾ ಹೊರಟಳು.

ನಾಲ್ಕು ತಿಂಗಳಿಗೆ ಸಂಸ್ಥೆಯ ವರದಿ ಅಚ್ಚಾಯಿತು. ಮೊದಲ ಪುಟದಲ್ಲೇ ಎಲ್ಮುರಾದನಿಗೆ ಧನ್ಯವಾದ, ಪೂರ್ತಿ ಹೆಸರು, ಬೀದಿಯ ಸಮೇತ! ಉಂಡ ಮನೆಯ ಜಂತೆ ಎಣಿಸಿದ್ದಲ್ಲದೆ ವಿಳಾಸವನ್ನೂ ಅಚ್ಚು ಹಾಕಿಸಿದರು, ಥೂ! ವರದಿಗೆ ಪ್ರಶಸ್ತಿ ಬಂತು, ಹುಡುಗನಿಗೆ ಹದಿನಾರು ವರ್ಷ ಜೈಲು. (ಇಲ್ಲಿನ ಹೆಸರುಗಳೆಲ್ಲ ಬದಲಾಗಿವೆ. ಅಷ್ಟು ಬುದ್ಧಿ ನನಗಿದೆ.)

ಪೊಲೀಸರು ಅವನನ್ನು ಎಳೆದೊಯ್ಯುವಾಗ ಅಕ್ಕ ಬಾಗಿಲಿಗೆ ಅಡ್ಡ ನಿಂತು ಮಗನ ಬಾಯಿಗೆ ರೊಟ್ಟಿ ಹಿಡಿದರು. "ಪೊಲೀಸಪ್ಪನೂ ಇಲ್ಲಿಯವನೇ ತಾನೆ, ಕಚ್ಚೋವರೆಗೂ ಕಾದ."

ಹೋದ ತಿಂಗಳು ಸಂಸ್ಥೆಯಿಂದ ಒಬ್ಬ ಬಂದಿದ್ದ. ದಂಗೆಯ ಹತ್ತನೇ ವರ್ಷಕ್ಕೆ ಪ್ರದರ್ಶನವಂತೆ. ಎರಡೂ ರೊಟ್ಟಿ ಕೊಟ್ಟರೆ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರಂತೆ.

"ನನ್ನ ಮಗನ್ನ ಬಿಡಿಸೋಕೆ ಏನು ಮಾಡಿದ್ರಪ್ಪ ಅಂತ ಕೇಳ್ದೆ. ಅದು ಬೇರೆ ವಿಭಾಗ ಅಂದ. ಬ್ರಿಗಿಟಾ ಎಲ್ಲಿ ಅಂದ್ರೆ, ಈಗ ದೊಡ್ಡ ಹುದ್ದೆ, ಓಡಾಟ ಕಮ್ಮಿ ಅಂದ."

ಅವನ ಎದುರಿಗೇ ಅಕ್ಕ ಬ್ರಿಗಿಟಾಳ ರೊಟ್ಟಿ ಇಳಿಸಿದರು. ನಮ್ಮಲ್ಲಿ ರೊಟ್ಟಿ ಬಿಸಾಡುವಂತಿಲ್ಲ. ನೀರಲ್ಲಿ ನೆನೆಸಿ ಅಂಗಳದ ಗುಬ್ಬಿಗಳಿಗೆ ಹಾಕಿದರು.

"ಅವಳು ಅವಳ ಮನೆ ಸೇರ್ಕೊಂಡ್ಳಲ್ಲ, ಇನ್ನೇನು ದಾರಿ ಕಾಯೋದು?"

ಅಕ್ಕ ಮತ್ತೆ ತಂದೂರಿಗೆ ಬಗ್ಗುತ್ತಾರೆ. ಆಸೆ ಏನು ಎಂದು ಕೇಳುತ್ತೇನೆ. ಉತ್ತರ ಒಲೆಯೊಳಗಿಂದ ಬರುತ್ತದೆ.

"ಇನ್ನೂ ಏಳು ವರ್ಷ. ಅಷ್ಟೊತ್ತಿಗೆ ಆ ರೊಟ್ಟಿ ಕಲ್ಲಾಗಿರುತ್ತೆ. ಒಳಗೆ ಅವನ ಹಲ್ಲು ಬೇರೆ ಮುರಿದಿದ್ದಾರೆ. ಚಹಾದಲ್ಲಿ ನೆನೆಸಿ ನಾನೇ ತಿನ್ನಿಸ್ತೀನಿ."